ಬಲೂನ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ

2025ರ ಜೂನ್–ಜುಲೈನಲ್ಲಿ ಹಾಸನದ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮುನ್ನವೇ ಸಾಲು ನಿಂತಿತು. ನಮ್ಮ ಕಡೆಯಿಂದಲೂ ರಾತ್ರಿ ಬಸ್ಸು ಹತ್ತಿ ಹೋದವರುಂಟು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಜನರ ಮನಸ್ಸಿನಲ್ಲಿ ಬೇರೊಂದು ತೀರ್ಮಾನ ಬೇರೂರಿಬಿಟ್ಟಿತ್ತು: ಹೃದಯ ಎಂದರೆ ದೊಡ್ಡಾಸ್ಪತ್ರೆ, ತಾಲ್ಲೂಕಿಗೊಬ್ಬ ಕಾರ್ಡಿಯಾಲಜಿಸ್ಟ್, ಜಿಲ್ಲೆಗೊಂದು ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಬಂದರೆ ಈ ಸಮಸ್ಯೆ ಮುಗಿಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ರೋಗಿಗಳನ್ನು ಮೂರು ದಶಕಗಳಿಂದ ನೋಡುತ್ತ ಬಂದವನು ನಾನು. ಓದಿದ್ದು ಜನರಲ್ ಮೆಡಿಸಿನ್. ಆ ತೀರ್ಮಾನವನ್ನು ಪೂರ್ತಿ ತಪ್ಪು ಎನ್ನಲಾರೆ. ಆದರೆ ಹೃದ್ರೋಗಿ ದೊಡ್ಡಾಸ್ಪತ್ರೆಯಲ್ಲಿ ಕಳೆಯುವುದು ನಾಲ್ಕೈದು ದಿನ. ಉಳಿದ ಆಯುಷ್ಯವೆಲ್ಲ ಊರಲ್ಲೇ. ಆ ಉಳಿದ ಆಯುಷ್ಯದ ಚರಿತ್ರೆಯನ್ನು ಯಾರೂ ಬರೆದಂತಿಲ್ಲ.

ಆ ಚರಿತ್ರೆಯ ಮೊದಲ ಘಟ್ಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಬಳ್ಳಾರಿಯಲ್ಲಿ 1961ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ಮೆಡಿಕಲ್ ಕಾಲೇಜು ಬಂದವು. ಬೆಂಗಳೂರಿನಲ್ಲಿ ಜಯದೇವ ಸಂಸ್ಥೆ ಎಪ್ಪತ್ತರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶುರುವಾಯಿತು. ಹಳ್ಳಿಯಲ್ಲಿ ಎದೆ ಹಿಡಿದುಕೊಂಡರೆ ಅದಕ್ಕೆ ‘ವಾಯು’ ಎಂದೇ ಹೆಸರು. ಬದುಕಿ ಉಳಿದವರಿಗೆ ಡಿಜಾಕ್ಸಿನ್, ಲ್ಯಾಸಿಕ್ಸ್, ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಹುಡುಗ ಹುಡುಗಿಯರಿಗೆ 21 ದಿನಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು. ಆ ಚುಚ್ಚುಮದ್ದನ್ನು ಊರಿನ ಡಾಕ್ಟರೇ ಕೊಡುತ್ತಿದ್ದರು, ನರ್ಸಮ್ಮನೇ ದಿನ ಲೆಕ್ಕ ಇಡುತ್ತಿದ್ದರು. ತಜ್ಞರಿಲ್ಲದ ಕಾಲದ ಆ ಶಿಸ್ತನ್ನು ನಾವು ಮುಂದೆ ಕಳೆದುಕೊಂಡೆವು.

ತೊಂಬತ್ತರ ದಶಕ ನಮ್ಮ ತಲೆಮಾರಿನದು. ತಾಲ್ಲೂಕು ಕೇಂದ್ರಗಳಲ್ಲಿ ಎಂ.ಡಿ. ಮಾಡಿದ ಫಿಜಿಷಿಯನ್ನರು ನೆಲೆ ನಿಂತರು, ಇ.ಸಿ.ಜಿ. ಮೆಷಿನ್ ಬಂತು. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್: 15 ಲಕ್ಷ ಯುನಿಟ್, ಒಂದು ಗಂಟೆಯಲ್ಲಿ ಡ್ರಿಪ್ ಮೂಲಕ. ಆ ಒಂದು ಗಂಟೆ ನಾವು ಮಂಚದ ಪಕ್ಕದಿಂದ ಕದಲುತ್ತಿರಲಿಲ್ಲ. ಬಿಪಿ ಇಳಿಯುತ್ತದೆಯೇ, ಹೃದಯದ ಬಡಿತ ತಪ್ಪುತ್ತದೆಯೇ ಎಂದು ಕಣ್ಣು ಮಾನಿಟರಿನ ಮೇಲೆ. ಮಾನಿಟರ್ ಇಲ್ಲದ ಕಡೆ ಬೆರಳು ನಾಡಿಯ ಮೇಲೆ. ಹಾಗೆ ಉಳಿದವರು ತಿಂಗಳಿಗೊಮ್ಮೆ ಅದೇ ಡಾಕ್ಟರ ಬಳಿಗೆ ಬರುತ್ತಿದ್ದರು. ಅವರ ಮನೆ ಎಲ್ಲಿ, ಜಮೀನು ಎಷ್ಟು, ಬೀಡಿ ಬಿಟ್ಟರೋ ಇಲ್ಲವೋ ಎಲ್ಲವೂ ನಮಗೆ ಗೊತ್ತಿರುತ್ತಿತ್ತು. ಅದನ್ನು ಯಾರೂ ‘ಪ್ರಾಥಮಿಕ ಹಂತದ ಫಾಲೋಅಪ್’ ಎಂದು ಕರೆಯಲಿಲ್ಲ. ಕರೆಯದಿದ್ದರೂ ಅದು ಅದೇ ಆಗಿತ್ತು. ಈ ನಾಡಿನ ಹೃದ್ರೋಗ ಚಿಕಿತ್ಸೆಯ ಕತೆ ಹೇಳುವವರು ಆ ಫಿಜಿಷಿಯನ್ನರನ್ನು ದಾಟಿ ಸೀದಾ ಜನ ‘ಬಲೂನ್’ ಎನ್ನುವ ಆಂಜಿಯೋಪ್ಲಾಸ್ಟಿಗೆ ಹೋಗುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ತಪ್ಪುಗಳೂ ಆದವು. ಹೃದಯ ದುರ್ಬಲವಾಗಿದ್ದ ಒಬ್ಬ ಹಿರಿಯರಿಗೆ ಮಂಡಿನೋವೆಂದು ನಾನು ನೋವಿನ ಮಾತ್ರೆ ಬರೆದುಕೊಟ್ಟೆ. ಹತ್ತು ದಿನಕ್ಕೆ ಕಾಲು ಬಾತು, ಮಲಗಲಾಗದೆ, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದು ಬಂದರು. ಆ ಮಾತ್ರೆ ದೇಹದಲ್ಲಿ ಉಪ್ಪು–ನೀರು ನಿಲ್ಲಿಸುತ್ತದೆಂದು ನನಗೆ ಗೊತ್ತಿತ್ತು. ಅವರು ಹೃದ್ರೋಗಿ ಎಂದು ನೆನಪಿಸುವ ಕಾಗದ ಕೈಯಲ್ಲಿರಲಿಲ್ಲ. ಅವತ್ತಿನಿಂದ ಹೃದ್ರೋಗಿಗಳ ಚೀಟಿಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಹಾಗೆಂದು ಬರೆಯುವ ರೂಢಿ ಮಾಡಿಕೊಂಡೆ.

2000ದ ನಂತರ ಚಿತ್ರ ಬದಲಾಯಿತು. ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯ, ವೈಟ್‌ಫೀಲ್ಡಿನಲ್ಲಿ ಉಚಿತ ಶಸ್ತ್ರಚಿಕಿತ್ಸೆಯ ಸತ್ಯಸಾಯಿ ಆಸ್ಪತ್ರೆ ಬಂದವು. 2003ರಲ್ಲಿ ಸಹಕಾರ ಸಂಘದ ಸದಸ್ಯ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ, 2008ರಲ್ಲಿ 108 ಆಂಬುಲೆನ್ಸ್, 2010ರಲ್ಲಿ ಬಡವರಿಗೆ ಉಚಿತ ತಜ್ಞ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ. ಈ ಕೊನೆಯದರಲ್ಲಿ ನಮ್ಮ ನೆಲದ ವಿಚಿತ್ರವೊಂದಿದೆ. ಯೋಜನೆ ಮೊದಲು ಜಾರಿಯಾದದ್ದು ಕಲಬುರಗಿ ವಿಭಾಗದಲ್ಲಿ. ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಅದರೊಳಗೆ ಬಂದವು. 1997ರಲ್ಲೇ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಹೊರಗುಳಿಯಿತು. ಹೊಲದ ಬದುವಿನ ಆಚೆಯವನಿಗೆ ಬೈಪಾಸ್ ಉಚಿತ, ಈಚೆಯವನಿಗೆ ಇಲ್ಲ. ಯೋಜನೆಯ ಇಂಥ ಗಡಿಯ ಒಳಗಿನ 300, ಹೊರಗಿನ 272 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರಲ್ಲಿ ಸತ್ತವರು ಒಳಗಿನ ಹಳ್ಳಿಗಳಲ್ಲಿ ಶೇ. 0.32, ಹೊರಗಿನ ಹಳ್ಳಿಗಳಲ್ಲಿ ಶೇ. 0.90. ತಜ್ಞ ಚಿಕಿತ್ಸೆ ಜೀವ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ತಾಲ್ಲೂಕು ವೈದ್ಯರೇ ಸಾಕು ಎಂದು ವಾದಿಸುವವರು ಇದನ್ನು ಮರೆಯಬಾರದು.

ಉಳಿದ ಜೀವವನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಮಾತ್ರ ಯೋಜನೆಗಳಲ್ಲಿ ಗಟ್ಟಿ ಉತ್ತರ ಸಿಗಲಿಲ್ಲ. ನಂತರ ಬಂದ ಆಯುಷ್ಮಾನ್ ಭಾರತದ ನಿಯಮದಲ್ಲಿ ಬಿಡುಗಡೆಯ ನಂತರ 15 ದಿನದ ಔಷಧಿಯಿದೆ. ಹದಿನಾರನೆಯ ದಿನದಿಂದ ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ರೋಗಿಯ ಕಿಸೆಯ ಮೇಲೆ. 2017ರಲ್ಲಿ ಸ್ಟೆಂಟ್ ಬೆಲೆಗೆ ಮಿತಿ ಬಿದ್ದಾಗ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ. ಆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಯ ಬಗ್ಗೆ ಅಷ್ಟು ಗದ್ದಲ ನಾನು ಕೇಳಲಿಲ್ಲ. 2011ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನದ ಪ್ರಕಾರ ಬಡ ದೇಶಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಸಾಬೀತಾದ ಔಷಧಿಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಬೆಂಗಳೂರೂ ಆ ಅಧ್ಯಯನದ ಒಂದು ಕೇಂದ್ರ.

ನಮ್ಮ ಐದು ತಾಲ್ಲೂಕುಗಳಿಗೆ ಇನ್ನೊಂದು ತೊಡಕು, ದಿಕ್ಕಿನದು. ಹರಪನಹಳ್ಳಿ, ಕೊಟ್ಟೂರಿನವರು ದಾವಣಗೆರೆಗೆ ಹೋಗುತ್ತಾರೆ. ಹಡಗಲಿಯವರು ತುಂಗಭದ್ರೆ ದಾಟಿ ಗದಗ, ಹುಬ್ಬಳ್ಳಿಗೆ. ಹಗರಿಬೊಮ್ಮನಹಳ್ಳಿಯವರು ಹೊಸಪೇಟೆ, ಬಳ್ಳಾರಿಗೆ. ಕೂಡ್ಲಿಗಿ ಹೆದ್ದಾರಿಯ ಮೇಲಿದೆ, ಅಲ್ಲಿಯವರಿಗೆ ಬಳ್ಳಾರಿಯೂ ಚಿತ್ರದುರ್ಗವೂ ದಾರಿ. ಎಲ್ಲಿಯೂ ಆಗದಿದ್ದರೆ ಬೆಂಗಳೂರು. 2021ರಲ್ಲಿ ಐದೂ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು, ಆದರೆ ರೋಗಿಯ ಫೈಲು ಇನ್ನೂ ನಾಲ್ಕು ದಿಕ್ಕಿನಲ್ಲಿ ಹಂಚಿಹೋಗಿದೆ. ಒಂದು ಆಸ್ಪತ್ರೆಯ ಎಕೋ ರಿಪೋರ್ಟು ಇನ್ನೊಂದಕ್ಕೆ ತಲುಪುವುದಿಲ್ಲ, ಹೊಸದಾಗಿ ಮಾಡಿಸುತ್ತಾರೆ.

ಕೂಡ್ಲಿಗಿ ಕಡೆಯ ಒಂದು ತಾಂಡಾದ ಹೆಣ್ಣುಮಗಳು, ಮೂವತ್ತರ ಆಸುಪಾಸು. ಬೆಂಗಳೂರಿನಲ್ಲಿ ಲೋಹದ ಕವಾಟ ಹಾಕಿದ್ದಾರೆ. ಕೋಣೆ ನಿಶ್ಶಬ್ದವಾದರೆ ಅದರ ಟಿಕ್ ಟಿಕ್ ನನಗೂ ಕೇಳುತ್ತದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಫೈಲು, ಆಧಾರ್, ರೇಷನ್ ಕಾರ್ಡು, ಖಾಲಿ ಗುಳಿಗೆ ಪಟ್ಟಿ.

“ಮೂರ್ ತಿಂಗ್ಳಿಗೆ ಬಾ ಅಂದಾರ ಸಾರ್. ಕಬ್ಬು ಕಡಿಯಾಕ ಹೋಗಿದ್ವಿ, ಬರಾಕ ಆಗ್ಲಿಲ್ಲ. ಗುಳಿಗಿ ಮುಗ್ದು ಹತ್ ದಿನ ಆತು.”

“ರಕ್ತ ಯಾವಾಗ ಟೆಸ್ಟ್ ಮಾಡಿಸಿದ್ದೆ ತಾಯಿ?”

“ಅಲ್ಲೇ, ಆಪರೇಷನ್ ಆದಾಗ.”

ರಕ್ತ ತೆಳುವಾಗಿಡುವ ಆ ಗುಳಿಗೆ ನಿಂತರೆ ಕವಾಟದ ಮೇಲೆ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಎಲ್ಲಿಂದಲಾದರೂ ರಕ್ತ ಸೋರುತ್ತದೆ. ಐಎನ್‌ಆರ್ ಎಂಬ ಅಳತೆ ಮೈಟ್ರಲ್ ಕವಾಟದವರಿಗೆ 2.5ರಿಂದ 3.5ರ ಒಳಗಿರಬೇಕು. ಆಕೆಯ ಹಾಳೆಯಲ್ಲಿ ‘ಸೊಪ್ಪು ತಿನ್ನಬೇಡಿ’ ಎಂದಿತ್ತು. ಪುಂಡಿಪಲ್ಯ, ರಾಜಗಿರಿ ಬಿಟ್ಟು ರೊಟ್ಟಿಯನ್ನು ಯಾವುದರ ಜೊತೆ ತಿನ್ನಬೇಕು? ಸೊಪ್ಪು ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಸರಿಸುಮಾರು ಒಂದೇ ಅಳತೆಯಲ್ಲಿ ತಿಂದರೆ ಸಾಕು, ಗುಳಿಗೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಇದನ್ನು ಹೇಳಲು ಕಾರ್ಡಿಯಾಲಜಿಸ್ಟೇ ಬೇಕೆಂದಿಲ್ಲ. ಆಕೆ ಏನು ಉಣ್ಣುತ್ತಾಳೆಂದು ಬಲ್ಲವರು ಬೇಕು.

ಹೊರಗಿನ ಅಧ್ಯಯನಗಳು ಏನು ಹೇಳುತ್ತವೆ? 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಹೃದಯಾಘಾತವಾದ ಅಮೆರಿಕದ ವೃದ್ಧರ ಲೆಕ್ಕ ಬಂತು. ಹೃದ್ರೋಗ ತಜ್ಞರನ್ನು ಕಂಡವರಲ್ಲಿ ಸಾವು ಕಡಿಮೆ. ತಜ್ಞರನ್ನೂ ಮನೆಯ ವೈದ್ಯರನ್ನೂ ಇಬ್ಬರನ್ನೂ ಕಂಡವರಲ್ಲಿ ಇನ್ನೂ ಕಡಿಮೆ. ಡೆನ್ಮಾರ್ಕಿನ ‘ನಾರ್ತ್‌ಸ್ಟಾರ್’ ಅಧ್ಯಯನದಲ್ಲಿ, ಔಷಧಿಗಳನ್ನು ಸರಿಯಾಗಿ ಹೊಂದಿಸಿ ಸ್ಥಿರಗೊಂಡಿದ್ದ ಹೃದಯ ವೈಫಲ್ಯದ ರೋಗಿಗಳನ್ನು ವಿಶೇಷ ಕ್ಲಿನಿಕ್ಕಿನಲ್ಲೇ ಉಳಿಸಿಕೊಂಡರೂ ಊರ ವೈದ್ಯರಿಗೆ ಒಪ್ಪಿಸಿದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದಾಗಿ ನಡೆಸಿದ ‘ಸ್ಪ್ರೆಡ್’ ಪ್ರಯೋಗದಲ್ಲಿ 14 ಆಸ್ಪತ್ರೆಗಳ 806 ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಬೆನ್ನುಹತ್ತಿ ಮಾತಾಡಿಸಿದವರು ಗುಳಿಗೆಗಳನ್ನು ಉಳಿದವರಿಗಿಂತ ನಿಷ್ಠೆಯಿಂದ ನುಂಗಿದರು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ದೊಡ್ಡವರಾದವರ ಮಾತು ಬೇರೆ. ಅಂಥವರು ವಿಶೇಷ ಕೇಂದ್ರದ ಕಣ್ಣಿನಡಿಯಲ್ಲೇ ಇರಬೇಕು. ಹಾಗಾಗಿ ‘ತಜ್ಞರೋ, ಊರ ವೈದ್ಯರೋ’ ಎಂಬ ಪ್ರಶ್ನೆಯೇ ಸರಿಯಿಲ್ಲ. ಯಾವ ರೋಗಿ, ಯಾವ ಹಂತ, ಯಾರ ಬಳಿ ಎಂದು ಕೇಳಬೇಕು.

ಇತ್ತೀಚಿನ ಘಟ್ಟ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯದು. 2021ರ ಅಕ್ಟೋಬರ್ 29ರಂದು ಅವರು ಹೃದಯಾಘಾತದಿಂದ ತೀರಿಕೊಂಡಾಗ ನಮ್ಮ ಹೊರರೋಗಿ ವಿಭಾಗ ವಾರಗಟ್ಟಲೆ ತರುಣರಿಂದ ತುಂಬಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುವುದು, ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಉಚಿತವಾಗಿ ಕೊಡುವುದು ಈ ಯೋಜನೆಯ ಕ್ರಮ. 2008ರಲ್ಲಿ ಬಂದ ‘ಕ್ರಿಯೇಟ್’ ವರದಿಯಲ್ಲಿ ಭಾರತದ ಹೃದಯಾಘಾತದ ರೋಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆರು ಗಂಟೆ ಕಳೆದಿರುತ್ತಿತ್ತು. ಅದನ್ನು ನೋಡಿದರೆ ಈ ಯೋಜನೆ ದೊಡ್ಡ ಹೆಜ್ಜೆಯೇ. ನಮ್ಮ ಸ್ಟ್ರೆಪ್ಟೋಕೈನೇಸ್ ಕಾಲದ ಕೆಲಸಕ್ಕೆ ಸರ್ಕಾರ ಒಂದು ವ್ಯವಸ್ಥೆ ಕಟ್ಟಿಕೊಟ್ಟಂತೆ ನನಗೆ ಕಾಣುತ್ತದೆ. ಆದರೆ ಇ.ಸಿ.ಜಿ. ಮೇಲೆ ಹೋಗುವ ಅದೇ ತಂತಿಯಲ್ಲಿ ಡಿಸ್ಚಾರ್ಜ್ ಆದ ರೋಗಿಯ ವಿವರ ಏಕೆ ಕೆಳಗಿಳಿದು ಬರಬಾರದು? ಬಿಪಿ, ಸಕ್ಕರೆ ಕಾಯಿಲೆಯವರಿಗೆ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್ಕಿನಲ್ಲಿ ತಿಂಗಳ ಗುಳಿಗೆಯೂ ಪುಸ್ತಕವೂ ಇದೆ. ಸ್ಟೆಂಟ್ ಹಾಕಿಸಿಕೊಂಡವರಿಗೂ ಕವಾಟದವರಿಗೂ ಅಂಥ ಪುಸ್ತಕ ನಮ್ಮಲ್ಲಿ ನಾನು ಕಂಡಿಲ್ಲ.

ಊರಲ್ಲೇ ಹೇಳಬೇಕಾದ ಮಾತುಗಳೂ ಇವೆ. ಕೊಟ್ಟೂರು ಜಾತ್ರೆಯ ಹೊತ್ತಿಗೆ ದಾವಣಗೆರೆಯಿಂದ ಪಾದಯಾತ್ರೆ ಹೊರಡುತ್ತದೆ. ಬರಿಗಾಲಲ್ಲಿ ನಡೆದವರಲ್ಲಿ ಸ್ಟೆಂಟ್ ಇದ್ದವರಿರುತ್ತಾರೆ, ಹೃದಯದ ಬಲ ಅರ್ಧಕ್ಕಿಳಿದವರೂ ಇರುತ್ತಾರೆ. ‘ಹೋಗಬೇಡಿ’ ಎಂದರೆ ಕೇಳುವುದಿಲ್ಲ. ಎಷ್ಟು ದೂರ ನಡೆಯಬಹುದು, ಎಲ್ಲಿಂದ ಬಸ್ಸು ಹತ್ತಬೇಕು, ನಾಲಿಗೆ ಕೆಳಗಿನ ಗುಳಿಗೆ ಯಾವ ಕಿಸೆಯಲ್ಲಿರಬೇಕು ಎಂದು ಹೇಳಿದರೆ ಕೇಳುತ್ತಾರೆ.

ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ಬಸಿರಾದಾಗ ಏನು ಎಂಬ ಪ್ರಶ್ನೆಯಂತೂ ಹಾಗೆಯೇ ಉಳಿದಿದೆ. ರಕ್ತ ತೆಳುವಾಗಿಸುವ ಗುಳಿಗೆ ಮೊದಲ ತಿಂಗಳುಗಳಲ್ಲಿ ಕೂಸಿಗೆ ಅಪಾಯ, ನಿಲ್ಲಿಸಿದರೆ ತಾಯಿಗೆ ಅಪಾಯ. ಸ್ತ್ರೀರೋಗ ತಜ್ಞರು ಹೃದಯದ ಡಾಕ್ಟರ ಬಳಿ ಹೋಗಿ ಎನ್ನುತ್ತಾರೆ, ಹೃದಯದ ಡಾಕ್ಟರು ಸ್ತ್ರೀರೋಗ ತಜ್ಞರನ್ನು ಕೇಳಿ ಎನ್ನುತ್ತಾರೆ. ಆಶಾ ಕಾರ್ಯಕರ್ತೆಯ ಬಳಿ ಗರ್ಭಿಣಿಯರ ಪಟ್ಟಿ ಇರುತ್ತದೆ. ಕವಾಟದವರ ಪಟ್ಟಿ ನಮ್ಮ ಐದು ತಾಲ್ಲೂಕುಗಳಲ್ಲಿ ಯಾರ ಬಳಿಯೂ ನಾನು ನೋಡಿಲ್ಲ. ಆ ತಾಂಡಾದ ಹೆಣ್ಣುಮಗಳು ಹೋದ ಸಲ ಬಂದಾಗ ಐಎನ್‌ಆರ್ 2.8 ಇತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, “ಇನ್ನೊಂದು ಮಗು ಆಗಬಹುದಾ ಸಾರ್?” ಎಂದಳು. ಅವಳನ್ನು ಮತ್ತೆ ಕೂರಿಸಿ, ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದೆ.