ಹುಡುಕಿದಾಗ ಹೆಸರು ಸಿಗಲಿಲ್ಲ ಎಂದರೆ ಅಳಿಸಿ ಹಾಕಿದ್ದಾರೆ ಎಂದರ್ಥವೇ?

‘ಪಟ್ಟಿಯಲ್ಲಿ ಹುಡುಕಿದೆವು, ನಮ್ಮೂರಿನ ಹೆಸರೇ ಇಲ್ಲ, ತೆಗೆದು ಹಾಕಿದ್ದಾರೆ! ಎಲ್ಲರಿಗೂ ಶೇರ್ ಮಾಡಿ’ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಕಂಪ್ಯೂಟರ್ ಹೇಗೆ ಹುಡುಕುತ್ತದೆ ಎಂದು ನೋಡೋಣ.

ಹೆಚ್ಚಿನ ಡೇಟಾಬೇಸ್‌ಗಳನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್. ದೊಡ್ಡ ಬರಹದೊಳಗೆ ಒಂದು ತುಣುಕು ಎಲ್ಲಿದೆ ಎಂದು ತಿಳಿಯಲು ಮೈಎಸ್‌ಕ್ಯೂಎಲ್‌ನಲ್ಲಿ ‘ಲೊಕೇಟ್’, ಪೋಸ್ಟ್‌ಗ್ರೆಸ್‌ನಲ್ಲಿ ‘ಪೊಸಿಷನ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಚಾರ್‌ಇಂಡೆಕ್ಸ್’ ಇವೆ. ಎಣಿಕೆ 1ರಿಂದ ಶುರು. ತುಣುಕು ಸಿಗದಿದ್ದರೆ ಉತ್ತರ 0.

ಕೊಪ್ಪಳ ಜಿಲ್ಲೆಯ ಒಂದು ವಿಳಾಸ ತೆಗೆದುಕೊಳ್ಳೋಣ: ‘ಇಟಗಿ, ಕುಕನೂರು’. ಇದರಲ್ಲಿ ‘ಕುಕನೂರು’ ಎಲ್ಲಿದೆ? ಇ, ಟ, ಗಿ, ಅಲ್ಪವಿರಾಮ, ಖಾಲಿ ಜಾಗ ಎಂದು ಎಣಿಸಿ ನಾವು 6 ಎನ್ನುತ್ತೇವೆ. ಡೇಟಾಬೇಸ್ 7 ಎನ್ನುತ್ತದೆ! ಯೂನಿಕೋಡ್‌ನಲ್ಲಿ ‘ಗಿ’ ಒಂದಲ್ಲ, ‘ಗ’ ಮತ್ತು ಗುಡಿಸು ಎಂಬ ಎರಡು ಸಂಕೇತ. ಹಾಗಾಗಿ ನಮಗೆ ನಾಲ್ಕು ಅಕ್ಷರದ ‘ಕುಕನೂರು’ ಕಂಪ್ಯೂಟರಿಗೆ ಏಳು.

ಈಗ ಅಸಲಿ ವಿಷಯ. ‘ಕುಕನೂರಿನಲ್ಲಿ’ ಎಂಬ ಬರಹದಲ್ಲಿ ‘ಕುಕನೂರು’ ಹುಡುಕಿದರೆ ಉತ್ತರ 0. ಏಕೆಂದರೆ ಕೊನೆಯ ‘ರು’ ಅಲ್ಲಿ ‘ರಿ’ ಆಗಿದೆ. ನಮ್ಮ ಉತ್ತರ ಕರ್ನಾಟಕದವರು ಆಡುವಂತೆ ‘ಕುಕನೂರ’ ಎಂದು ಹುಡುಕಿ, ಎರಡೂ ಕಡೆ ಸಿಗುತ್ತದೆ. (ವ್ಯಾಕರಣದ ಮೇಷ್ಟ್ರು ಒಪ್ಪದಿರಬಹುದು, ಡೇಟಾಬೇಸ್ ಒಪ್ಪುತ್ತದೆ.)

ಇನ್ನೊಂದು ತೊಡಕು ಹಳೆಯ ಕಡತಗಳದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವೇ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಕುಕನೂರನ್ನು ಹೊಸ ತಾಲ್ಲೂಕಾಗಿ ಘೋಷಿಸಿದ್ದು 2017ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ತಾಲ್ಲೂಕಿನ ಖಾನೆಯಲ್ಲಿರುವುದು ಯಲಬುರ್ಗಾ. ಅಲ್ಲಿ ಕುಕನೂರು ಎಂದು ಹುಡುಕಿದವರಿಗೂ 0 ಬರುತ್ತದೆ, ಅದರಲ್ಲಿ ಯಾರ ಸಂಚೂ ಇಲ್ಲ.

ನಿಮ್ಮ ಹೆಸರೇ ಕಾಣದಿದ್ದರೆ ಮೊದಲು ಹೆಸರಿನ ಆರಂಭದ ಎರಡು ಮೂರು ಅಕ್ಷರ ಹಾಕಿ, ಆಮೇಲೆ ಇಂಗ್ಲಿಷ್‌ನಲ್ಲಿ, ಕೊನೆಗೆ ಕಾರ್ಡ್ ಸಂಖ್ಯೆಯಿಂದ ಹುಡುಕಿ. ಆಗಲೂ ಸಿಗದಿದ್ದರೆ ಸಂಬಂಧಿಸಿದ ಕಚೇರಿಗೆ ಹೋಗಿ ವಿಚಾರಿಸಿ.