ಹಾಸ್ಟೆಲ್ ಖಾಲಿ ಮಾಡಿಸಿದರೆ ಸುರಕ್ಷತೆ ಆಯ್ತಾ? ಢಾಕಾ 2024ರ ಪಾಠ

ಊರಲ್ಲಿ ಗಲಭೆ ಎದ್ದಾಗ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು? ಈ ಪ್ರಶ್ನೆಗೆ ನಾನು ಬಾಂಗ್ಲಾದೇಶದ 2024ರ ಜುಲೈ ತಿಂಗಳನ್ನು ಉದಾಹರಣೆಯಾಗಿ ತಗೊಳ್ತೀನಿ.

ಏನಾಯ್ತು?

ವಿಮೋಚನಾ ಹೋರಾಟಗಾರರ ಕುಟುಂಬಗಳಿಗೆ ಸರ್ಕಾರಿ ನೌಕರಿಯಲ್ಲಿದ್ದ ಶೇ. 30ರ ಮೀಸಲಾತಿ 2018ರಲ್ಲಿ ರದ್ದಾಗಿತ್ತು. 2024ರ ಜೂನ್ 5ರಂದು ಹೈಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಜುಲೈ 15ರಂದು ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲೇ ಅವರ ಮೇಲೆ ಹಲ್ಲೆ ನಡೆಯಿತು. ಮರುದಿನ ರಂಗ್‌ಪುರದಲ್ಲಿ ವಿದ್ಯಾರ್ಥಿ ಅಬು ಸಯೀದ್ ಪೊಲೀಸರ ಗುಂಡಿಗೆ ಬಲಿಯಾದರು.

ಅವತ್ತೇ ರಾತ್ರಿ ಅಲ್ಲಿನ ಯುಜಿಸಿ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ಹಾಸ್ಟೆಲ್ ಖಾಲಿ ಮಾಡಿಸಿ ಎಂದು ಸೂಚಿಸಿತು. ಜುಲೈ 17ರಂದು ಢಾಕಾ ವಿಶ್ವವಿದ್ಯಾಲಯ ಕೊಟ್ಟ ಗಡುವು: ಸಂಜೆ 6. ಮರುದಿನ ದೇಶವ್ಯಾಪಿ ಬಂದ್, ರಾತ್ರಿ ಇಂಟರ್ನೆಟ್ ಕಟ್. 19ರ ಮಧ್ಯರಾತ್ರಿಯಿಂದ ಕರ್ಫ್ಯೂ. ಮೊಬೈಲ್ ಇಂಟರ್ನೆಟ್ ವಾಪಸ್ ಬಂದದ್ದು ಜುಲೈ 28ಕ್ಕೆ.

‘ಹೊರಡಿ’ ಅನ್ನೋದು ಅರ್ಧ ಮಾತು

ಹಾಸ್ಟೆಲ್ ಖಾಲಿಯಾದರೆ ಆಡಳಿತದ ತಲೆನೋವು ಕಮ್ಮಿಯಾಗುತ್ತೆ, ನಿಜ. ಆದರೆ ದೂರದೂರಿನ ವಿದ್ಯಾರ್ಥಿಗೆ ಹಾಸ್ಟೆಲ್ಲೇ ಮನೆ. ಬಸ್ ಇದ್ಯಾ? ಯಾವ ದಾರಿ ಸೇಫ್? ರಾತ್ರಿ ಎಲ್ಲಿ ಮಲಗೋದು? ಇದಕ್ಕೆ ಉತ್ತರ ಇಲ್ಲದ ನೋಟಿಸ್ ಅಪಾಯವನ್ನು ಕ್ಯಾಂಪಸ್ಸಿನಿಂದ ರಸ್ತೆಗೆ ದಾಟಿಸುತ್ತೆ, ಅಷ್ಟೇ. ಅದನ್ನು ಸುರಕ್ಷತೆ ಅಂತ ಕರೆಯಲು ನಾನು ತಯಾರಿಲ್ಲ.

ಆಗ ಬಾಂಗ್ಲಾದೇಶದಲ್ಲಿ ಸುಮಾರು 8,500 ಭಾರತೀಯ ವಿದ್ಯಾರ್ಥಿಗಳಿದ್ದರು, ಅನೇಕರು ವೈದ್ಯಕೀಯ ಓದುವವರು. ಜುಲೈ 21ರ ಹೊತ್ತಿಗೆ 4,500ಕ್ಕೂ ಹೆಚ್ಚು ಮಂದಿ ವಾಪಸಾದರು. ಅಗರ್ತಲಾ, ಪೆಟ್ರಾಪೋಲ್‌ನಂಥ ಗಡಿ ಠಾಣೆಗಳವರೆಗೆ ರಸ್ತೆ ಪ್ರಯಾಣಕ್ಕೆ ಭಾರತೀಯ ಹೈಕಮಿಷನ್ ಭದ್ರತೆಯ ನೆರವು ಕೊಡಿಸಿತು, ಸಹಾಯವಾಣಿ ನಡೆಸಿತು. ನೆರವು ಅಂದರೆ ಇದು: ದಾರಿ, ಜೊತೆ, ಫೋನ್ ನಂಬರ್.

ಹಾಗಾದರೆ ಏನು ಕೇಳಬೇಕು?

ನಿಮ್ಮ ಕಾಲೇಜು ಎಲ್ಲೇ ಇರಲಿ, ಶಾಂತಿ ಇರುವಾಗಲೇ ಈ ನಾಲ್ಕನ್ನು ಲಿಖಿತವಾಗಿ ಕೇಳಿ:

1. ನೆಟ್ ಹೋದರೆ ಸುದ್ದಿ ತಲುಪುವುದು ಹೇಗೆ? ವಾಟ್ಸ್‌ಆ್ಯಪ್ ಗ್ರೂಪ್ ಒಂದನ್ನೇ ನಂಬಿದರೆ ಕೆಟ್ಟೆವು. ಎಸ್‌ಎಂಎಸ್, ಮೈಕ್, ನೋಟಿಸ್ ಬೋರ್ಡ್, ಮಹಡಿಗೊಬ್ಬ ಜವಾಬ್ದಾರರು ಬೇಕು.
2. ಊರಿಗೆ ಹೋಗಲಾಗದವರಿಗೆ ಯಾವ ಕಟ್ಟಡ, ಯಾರು ಊಟ ಕೊಡ್ತಾರೆ?
3. ಗಾಯಗೊಂಡವರಿಗೆ ವೈದ್ಯರು, ಬಂಧನವಾದವರಿಗೆ ವಕೀಲರು ಯಾರು? ಮನೆಗೆ ತಿಳಿಸುವವರು ಯಾರು?
4. ತಪ್ಪಿದ ಪರೀಕ್ಷೆ, ಹಾಜರಾತಿ ಏನಾಗುತ್ತೆ?

ಮನೆಯವರ ಮತ್ತು ರಾಯಭಾರ ಕಚೇರಿಯ ನಂಬರುಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಆ ನಾಲ್ಕು ಪ್ರಶ್ನೆಗೆ ಉತ್ತರ ಸಿಗದಿದ್ದರೆ ವಿದ್ಯಾರ್ಥಿ ಸಂಘದ ಮುಂದಿನ ಬೇಡಿಕೆ ಅದೇ ಆಗಲಿ.