ಸ್ಮಾಕಿಂಗ್ ಉಡುಪುಗಳ ಕೈಕಸೂತಿ ಹೊಲಿಗೆಗಳು: ಕಲಿಕಾರ್ಥಿಗಳಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬಟ್ಟೆಯನ್ನು ಸಮಾನ ಅಂತರದ ಸಣ್ಣ ನೆರಿಗೆಗಳಾಗಿ ಕೂಡಿಸಿ, ಆ ನೆರಿಗೆಗಳ ಮೇಲ್ತುದಿಯಲ್ಲಿ ಅಲಂಕಾರಿಕ ಹೊಲಿಗೆಗಳನ್ನು ಹಾಕಿ ಅವುಗಳನ್ನು ಸ್ಥಿರಗೊಳಿಸುವ ಕೈಕೆಲಸಕ್ಕೆ ಸ್ಮಾಕಿಂಗ್ ಎಂದು ಹೆಸರು. ಹೆಣ್ಣುಮಕ್ಕಳ ಫ್ರಾಕು, ಶಿಶುಗಳ ಜುಬ್ಬ, ಮಹಿಳೆಯರ ರವಿಕೆ ಹಾಗೂ ರಾತ್ರಿ ಉಡುಪುಗಳ ಎದೆ, ಕತ್ತು ಮತ್ತು ತೋಳಿನ ಭಾಗಗಳಲ್ಲಿ ಇದನ್ನು ಬಳಸಲಾಗುತ್ತದೆ. ಇತರ ಹೆಚ್ಚಿನ ಕಸೂತಿಗಳಲ್ಲಿ ಹೊಲಿಗೆಯು ಬಟ್ಟೆಯ ಮೇಲಿನ ಅಲಂಕಾರ ಮಾತ್ರ. ಅದನ್ನು ಬಿಚ್ಚಿದರೂ ಉಡುಪು ಉಳಿಯುತ್ತದೆ. ಸ್ಮಾಕಿಂಗ್‌ನಲ್ಲಿ ಹೊಲಿಗೆಯೇ ಉಡುಪಿನ ಅಳತೆಯನ್ನು ಹಿಡಿದಿರುತ್ತದೆ. ಆದ್ದರಿಂದ ಹೊಲಿಗೆಗಳ ಸೊಬಗಿನೊಂದಿಗೆ ಅವುಗಳ ಬಿಗಿತ ಮತ್ತು ಹಿಗ್ಗುವಿಕೆಯನ್ನೂ ಕಲಿಕಾರ್ಥಿಗಳು ಅರಿತಿರುವುದು ಅವಶ್ಯಕ.

2. ಹಿನ್ನೆಲೆ

ಈ ಕಲೆಯು ಇಂಗ್ಲೆಂಡಿನ ಗ್ರಾಮೀಣ ಪ್ರದೇಶಗಳಲ್ಲಿ ಬೆಳೆದುಬಂದಿತು. 18 ಮತ್ತು 19ನೇ ಶತಮಾನಗಳಲ್ಲಿ ಅಲ್ಲಿನ ಕೃಷಿ ಕಾರ್ಮಿಕರು ಸ್ಮಾಕ್ ಎಂಬ ಸಡಿಲವಾದ ಮೇಲಂಗಿಯನ್ನು ಧರಿಸುತ್ತಿದ್ದರು. ಇಲಾಸ್ಟಿಕ್ ಬಳಕೆಗೆ ಬರುವ ಮೊದಲು, ಎದೆ ಮತ್ತು ಮಣಿಕಟ್ಟಿನ ಬಳಿ ಬಟ್ಟೆಯು ಮೈಗೆ ಹೊಂದಿಕೊಂಡು ಕೆಲಸದ ವೇಳೆ ಹಿಗ್ಗುವಂತೆ ಮಾಡಲು ಈ ನೆರಿಗೆ ಹೊಲಿಗೆಯೇ ಉಪಾಯವಾಗಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಾರ್ಮಿಕರ ಮೇಲಂಗಿ ಬಳಕೆ ತಪ್ಪುತ್ತಾ ಬಂದರೂ ಹೊಲಿಗೆಯು ಮಕ್ಕಳ ಮತ್ತು ಮಹಿಳೆಯರ ಉಡುಪುಗಳಲ್ಲಿ ಮುಂದುವರಿಯಿತು.

3. ಅವಶ್ಯಕ ಸಾಮಗ್ರಿಗಳು

ಅ) ಬಟ್ಟೆ: ಕೇಂಬ್ರಿಕ್, ಪಾಪ್ಲಿನ್, ವಾಯಿಲ್ ಮುಂತಾದ ತೆಳುವಾದ, ಸಾದಾ ನೇಯ್ಗೆಯ ಹತ್ತಿ ಬಟ್ಟೆ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳತಕ್ಕದ್ದು. ಸಿದ್ಧಗೊಂಡ ಭಾಗದ ಅಗಲಕ್ಕಿಂತ ಸುಮಾರು ಮೂರು ಪಟ್ಟು ಅಗಲದ ಬಟ್ಟೆ ಬೇಕಾಗುತ್ತದೆ. ಬಟ್ಟೆಯ ದಪ್ಪವನ್ನು ಅನುಸರಿಸಿ ಇದು ಹೆಚ್ಚು ಕಡಿಮೆಯಾಗಬಹುದು.
ಆ) ದಾರ: ಆರು ಎಳೆಗಳ ಕಸೂತಿ ದಾರ. ಸಾಮಾನ್ಯವಾಗಿ ಇದರ ಮೂರು ಎಳೆಗಳನ್ನು ಬಳಸಲಾಗುತ್ತದೆ.
ಇ) ನೆರಿಗೆ ಕೂಡಿಸಲು ಗಟ್ಟಿಯಾದ ಹೊಲಿಗೆ ದಾರ. ಇದು ಬಟ್ಟೆಯ ಬಣ್ಣಕ್ಕಿಂತ ಭಿನ್ನವಾಗಿರಬೇಕು.
ಈ) 7 ಅಥವಾ 8ನೇ ಸಂಖ್ಯೆಯ ಕಸೂತಿ ಸೂಜಿ, ಅಳತೆಪಟ್ಟಿ, ಪೆನ್ಸಿಲ್, ಗುಂಡುಸೂಜಿ ಮತ್ತು ಕತ್ತರಿ.

4. ನೆರಿಗೆ ಸಿದ್ಧಪಡಿಸುವ ಕ್ರಮ

4.1 ಬಟ್ಟೆಯ ಹಿಮ್ಮುಖದಲ್ಲಿ, ನೇಯ್ಗೆಯ ಎಳೆಯ ನೇರಕ್ಕೆ ಚುಕ್ಕೆಗಳನ್ನು ಗುರುತಿಸಬೇಕು. ಚುಕ್ಕೆಯಿಂದ ಚುಕ್ಕೆಗೆ 6 ಮಿಲಿಮೀಟರ್ ಹಾಗೂ ಸಾಲಿನಿಂದ ಸಾಲಿಗೆ 1 ಸೆಂಟಿಮೀಟರ್ ಅಂತರವು ಹೊಸಬರಿಗೆ ಅನುಕೂಲಕರ. ಸಣ್ಣ ಚೌಕಳಿಯ ಬಟ್ಟೆಯಾದಲ್ಲಿ ಚೌಕದ ಮೂಲೆಗಳನ್ನೇ ಚುಕ್ಕೆಗಳಾಗಿ ಬಳಸಬಹುದು.

4.2 ಪ್ರತಿ ಸಾಲಿಗೂ ಪ್ರತ್ಯೇಕ ದಾರವನ್ನು ತೆಗೆದುಕೊಳ್ಳಬೇಕು. ದಾರವು ಬಟ್ಟೆಯ ಪೂರ್ಣ ಅಗಲಕ್ಕಿಂತ ಉದ್ದವಾಗಿರಬೇಕು. ಒಂದು ತುದಿಗೆ ಗಟ್ಟಿ ಗಂಟು ಹಾಕಿ, ಪ್ರತಿ ಚುಕ್ಕೆಯಲ್ಲಿಯೂ ಬಟ್ಟೆಯ ಕೆಲವೇ ಎಳೆಗಳನ್ನು ಎತ್ತಿಕೊಳ್ಳುತ್ತಾ ಸಾಲನ್ನು ಪೂರ್ಣಗೊಳಿಸಿ, ಇನ್ನೊಂದು ತುದಿಯನ್ನು ಸಡಿಲವಾಗಿ ಬಿಡಬೇಕು.

4.3 ಎಲ್ಲ ಸಾಲುಗಳು ಮುಗಿದ ಬಳಿಕ ಸಡಿಲ ತುದಿಗಳನ್ನು ಎರಡೆರಡಾಗಿ ಹಿಡಿದು ನಿಧಾನವಾಗಿ ಎಳೆಯಬೇಕು. ನೆರಿಗೆಗಳು ನೇರವಾಗಿ ನಿಂತ ಮೇಲೆ ಅಗತ್ಯ ಅಳತೆಗಿಂತ ಎರಡು ಸೆಂಟಿಮೀಟರ್‌ನಷ್ಟು ಕಡಿಮೆ ಅಗಲಕ್ಕೆ ದಾರಗಳನ್ನು ಕಟ್ಟಬೇಕು. ಆಧಾರ ದಾರವನ್ನು ತೆಗೆದಾಗ ಬಟ್ಟೆಯು ಹಿಗ್ಗುವುದೇ ಇದಕ್ಕೆ ಕಾರಣ.

4.4 ಸ್ಮಾಕಿಂಗ್ ಕೆಲಸವನ್ನು ಉಡುಪಿನ ಭಾಗಗಳನ್ನು ಜೋಡಿಸುವ ಮುನ್ನವೇ ಮುಗಿಸಬೇಕು. ಮೊದಲನೆಯ ನೆರಿಗೆ ಸಾಲಿನ ಮೇಲೆ ಅಲಂಕಾರಿಕ ಹೊಲಿಗೆ ಹಾಕಬಾರದು. ಯೋಕ್ ಅಥವಾ ಕತ್ತುಪಟ್ಟಿಯನ್ನು ಸೇರಿಸುವಾಗ ಆ ಸಾಲೇ ಮಾರ್ಗಸೂಚಿಯಾಗಿರುತ್ತದೆ.

5. ಪ್ರಮುಖ ಹೊಲಿಗೆಗಳು

ಹೆಚ್ಚಿನ ಹೊಲಿಗೆಗಳನ್ನು ಬಟ್ಟೆಯ ಮುಮ್ಮುಖದಲ್ಲಿ ಎಡದಿಂದ ಬಲಕ್ಕೆ ಹಾಕಲಾಗುತ್ತದೆ. ಸೂಜಿಯ ಮೊನೆ ಮಾತ್ರ ಎಡಕ್ಕೆ ಮುಖ ಮಾಡಿರುತ್ತದೆ. ಸೂಜಿಯು ನೆರಿಗೆಯ ಎತ್ತರದ ಮೇಲಿನ ಮೂರನೇ ಒಂದು ಭಾಗದ ಮೂಲಕ, ಆಧಾರ ದಾರಕ್ಕೆ ಸಮಾನಾಂತರವಾಗಿ ಹಾದುಹೋಗಬೇಕು. ದಾರವು ಸೂಜಿಯ ಮೇಲ್ಭಾಗದಲ್ಲಿದೆಯೋ ಕೆಳಭಾಗದಲ್ಲಿದೆಯೋ ಎಂಬುದರ ಮೇಲೆಯೇ ಹೊಲಿಗೆಯ ರೂಪವು ನಿರ್ಧಾರವಾಗುತ್ತದೆ.

5.1 ಔಟ್‌ಲೈನ್ ಮತ್ತು ಸ್ಟೆಮ್ ಹೊಲಿಗೆ: ಪ್ರತಿ ನೆರಿಗೆಗೂ ಒಂದು ಹೊಲಿಗೆ. ದಾರವನ್ನು ಸದಾ ಸೂಜಿಯ ಮೇಲ್ಭಾಗದಲ್ಲಿ ಇರಿಸಿದರೆ ಔಟ್‌ಲೈನ್, ಸದಾ ಕೆಳಭಾಗದಲ್ಲಿ ಇರಿಸಿದರೆ ಸ್ಟೆಮ್. ಇವೆರಡೂ ಬಿಗಿಯಾದ ಹೊಲಿಗೆಗಳು. ನೆರಿಗೆಗಳನ್ನು ಹಿಡಿದಿಡುವ ಮೊದಲ ಸಾಲಿಗೆ ಸೂಕ್ತ.

5.2 ಕೇಬಲ್ ಹೊಲಿಗೆ: ಒಂದು ನೆರಿಗೆಗೆ ದಾರವು ಸೂಜಿಯ ಮೇಲೆ, ಮುಂದಿನ ನೆರಿಗೆಗೆ ಕೆಳಗೆ, ಹೀಗೆ ಪರ್ಯಾಯವಾಗಿ ಸಾಗುತ್ತದೆ. ಇದು ಸಹ ಬಿಗಿಯಾದ ಹೊಲಿಗೆ. ಎರಡು ಸಾಲುಗಳನ್ನು ಒತ್ತಾಗಿ ಹಾಕಿದಲ್ಲಿ ಜೋಡಿ ಕೇಬಲ್ ದೊರೆಯುತ್ತದೆ. ಕಲಿಕೆಯನ್ನು ಇದರಿಂದಲೇ ಆರಂಭಿಸುವುದು ಉತ್ತಮ.

5.3 ವೇವ್ ಹೊಲಿಗೆ: ಅಲೆಯಂತೆ ಮೇಲೇರಿ ಕೆಳಗಿಳಿಯುವ ಹೊಲಿಗೆ. ಮೇಲೇರುವಾಗ ದಾರವು ಸೂಜಿಯ ಕೆಳಗೂ, ಇಳಿಯುವಾಗ ಸೂಜಿಯ ಮೇಲೂ ಇರಬೇಕು. ಮೇಲಿನ ತಿರುವಿನಲ್ಲಿ ದಾರ ಮೇಲೆ, ಕೆಳಗಿನ ತಿರುವಿನಲ್ಲಿ ದಾರ ಕೆಳಗೆ ಇರುವಂತೆ ಒಂದು ಸಮತಲ ಹೊಲಿಗೆ ಹಾಕಬೇಕು. ಹಲವು ಮೆಟ್ಟಿಲುಗಳಲ್ಲಿ ಏರಿ ಇಳಿದರೆ ಅದು ಟ್ರೆಲಿಸ್ ಎನಿಸುತ್ತದೆ. ಪರಸ್ಪರ ವಿರುದ್ಧ ದಿಕ್ಕಿನ ಎರಡು ಟ್ರೆಲಿಸ್ ಸಾಲುಗಳು ವಜ್ರಾಕೃತಿಯನ್ನು ರಚಿಸುತ್ತವೆ. ಹಿಗ್ಗುವಿಕೆ ಮಧ್ಯಮ ಪ್ರಮಾಣದ್ದು.

5.4 ಜೇನುಗೂಡು ಹೊಲಿಗೆ: ಮೇಲಿನ ಸಾಲಿನಲ್ಲಿ ಒಂದು ಮತ್ತು ಎರಡನೇ ನೆರಿಗೆಗಳನ್ನು ಎರಡು ಹಿಂಹೊಲಿಗೆಗಳಿಂದ ಸೇರಿಸಬೇಕು. ಬಳಿಕ ಸೂಜಿಯನ್ನು ಎರಡನೇ ನೆರಿಗೆಯ ಒಳಗಿನಿಂದಲೇ ಕೆಳಗಿನ ಸಾಲಿಗೆ ಇಳಿಸಿ, ಅಲ್ಲಿ ಎರಡು ಮತ್ತು ಮೂರನೇ ನೆರಿಗೆಗಳನ್ನು ಸೇರಿಸಬೇಕು. ಮತ್ತೆ ಮೂರನೇ ನೆರಿಗೆಯ ಒಳಗಿನಿಂದ ಮೇಲೇರಬೇಕು. ದಾರವು ನೆರಿಗೆಯೊಳಗೆ ಅಡಗಿರುವುದರಿಂದ ಹೊರಗೆ ಸಣ್ಣ ಚುಕ್ಕೆಗಳು ಮಾತ್ರ ಕಾಣುತ್ತವೆ. ಇದು ಅತ್ಯಧಿಕವಾಗಿ ಹಿಗ್ಗುವ ಹೊಲಿಗೆ. ಬೆಳೆಯುವ ಮಕ್ಕಳ ಉಡುಪಿಗೂ ತೋಳಿನ ಅಂಚಿಗೂ ಇದೇ ಯೋಗ್ಯ.

5.5 ಹಿಮ್ಮುಖ ಸ್ಮಾಕಿಂಗ್: ಮುಮ್ಮುಖದಲ್ಲಿ ಸಾಲುಗಳ ನಡುವೆ ಖಾಲಿ ಜಾಗ ಬಿಟ್ಟಾಗ, ಅಲ್ಲಿನ ನೆರಿಗೆಗಳು ಬಾಯಿಬಿಡದಂತೆ ಹಿಂಭಾಗದಲ್ಲಿ ಬಟ್ಟೆಯ ಬಣ್ಣದ ದಾರದಿಂದ ಕೇಬಲ್ ಸಾಲುಗಳನ್ನು ಹಾಕಲಾಗುತ್ತದೆ.

ಸ್ಮಾಕಿಂಗ್ ಪೂರ್ಣಗೊಂಡ ನಂತರ ಲೇಝಿಡೇಝಿ ಅಥವಾ ಬುಲಿಯನ್ ಗುಲಾಬಿಯಂತಹ ಬಿಡಿ ಹೂಗಳನ್ನು ಸೇರಿಸಬಹುದು.

6. ಮುಕ್ತಾಯದ ಕೆಲಸ

ಯೋಕ್‌ಗೆ ಹತ್ತಿರದ ಸಾಲುಗಳು ಬಿಗಿಯಾಗಿಯೂ, ಕೆಳಗಿಳಿದಂತೆ ಸಾಲುಗಳು ಹಿಗ್ಗುವಂತೆಯೂ ವಿನ್ಯಾಸವನ್ನು ಯೋಜಿಸತಕ್ಕದ್ದು. ಹೊಲಿಗೆ ಮುಗಿದ ಮೇಲೆ ಬಟ್ಟೆಯನ್ನು ಹಿಮ್ಮುಖವಾಗಿ ಇಟ್ಟು, ಸರಿಯಾದ ಅಳತೆಗೆ ಗುಂಡುಸೂಜಿಗಳಿಂದ ಬಂಧಿಸಿ, ಇಸ್ತ್ರಿ ಪೆಟ್ಟಿಗೆಯನ್ನು ತಾಗಿಸದೆ ಹಬೆಯನ್ನು ಮಾತ್ರ ಕೊಡಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದಲ್ಲಿ ನೆರಿಗೆಗಳು ಚಪ್ಪಟೆಯಾಗುತ್ತವೆ. ಅನಂತರ, ಜೋಡಣೆಗೆ ಉಳಿಸಿಕೊಂಡ ಮೊದಲ ಸಾಲನ್ನು ಹೊರತುಪಡಿಸಿ, ಆಧಾರ ದಾರಗಳನ್ನು ತೆಗೆಯಬೇಕು.

7. ಸಾಮಾನ್ಯ ದೋಷಗಳು ಮತ್ತು ಕಾರಣಗಳು

ಅ) ನೆರಿಗೆಗಳು ಓರೆಯಾಗುವುದು: ಚುಕ್ಕೆಗಳನ್ನು ಎಳೆಯ ನೇರಕ್ಕೆ ಗುರುತಿಸದಿರುವುದು.
ಆ) ಉಡುಪು ತಲೆಯಲ್ಲಿ ಅಥವಾ ಎದೆಯಲ್ಲಿ ಬಿಗಿಯಾಗುವುದು: ಎಲ್ಲ ಸಾಲುಗಳಿಗೂ ಬಿಗಿ ಹೊಲಿಗೆಗಳನ್ನೇ ಬಳಸಿರುವುದು ಅಥವಾ ದಾರವನ್ನು ಅತಿಯಾಗಿ ಎಳೆದಿರುವುದು.
ಇ) ಆಧಾರ ದಾರವು ಹೊರಬಾರದಿರುವುದು: ಸೂಜಿಯು ಆಳಕ್ಕೆ ಹೋಗಿ ಆಧಾರ ದಾರವನ್ನು ಚುಚ್ಚಿರುವುದು.
ಈ) ವಿನ್ಯಾಸವು ಮಧ್ಯಕ್ಕೆ ಬಾರದಿರುವುದು: ನೆರಿಗೆಗಳನ್ನು ಎಣಿಸದೆ ಒಂದು ತುದಿಯಿಂದ ಆರಂಭಿಸಿರುವುದು. ವೇವ್ ಮತ್ತು ಟ್ರೆಲಿಸ್ ಸಾಲುಗಳಿಗೆ ಮಧ್ಯದ ನೆರಿಗೆಯನ್ನು ಮೊದಲು ಗುರುತಿಸಿಕೊಳ್ಳತಕ್ಕದ್ದು.

ಮೊದಲ ಅಭ್ಯಾಸಕ್ಕೆ 45 ಸೆಂಟಿಮೀಟರ್ ಅಗಲದ ಬಟ್ಟೆ ಸಾಕು. ಇದು ಸುಮಾರು 15 ಸೆಂಟಿಮೀಟರ್ ಮಾದರಿಪಟ್ಟಿಯಾಗುತ್ತದೆ. ಸದರಿ ಪಟ್ಟಿಯಲ್ಲಿ ಎಲ್ಲ ಹೊಲಿಗೆಗಳನ್ನು ಒಂದೊಂದು ಸಾಲು ಹಾಕಿ, ಆಧಾರ ದಾರ ತೆಗೆದ ನಂತರ ಪ್ರತಿ ಸಾಲು ಎಷ್ಟು ಹಿಗ್ಗುತ್ತದೆಂಬುದನ್ನು ಅಳೆದು ಬರೆದಿಟ್ಟುಕೊಳ್ಳುವುದು ಉಪಯುಕ್ತ.

8. ಧಾರವಾಡದ ಕಸೂತಿ ಬಲ್ಲವರಿಗೆ

ಗವಂತಿ, ಮುರ್ಗಿ, ನೇಗಿ ಮತ್ತು ಮೆಂತಿ ಹೊಲಿಗೆಗಳನ್ನು ಬಲ್ಲವರು ಸ್ಮಾಕಿಂಗ್ ಅನ್ನು ಶೀಘ್ರವಾಗಿ ಕಲಿಯಬಲ್ಲರು. ಅಲ್ಲಿ ಬಟ್ಟೆಯ ಎಳೆಗಳನ್ನು ಎಣಿಸುವ ಅಭ್ಯಾಸವಿದ್ದರೆ, ಇಲ್ಲಿ ನೆರಿಗೆಗಳನ್ನು ಎಣಿಸಬೇಕಾಗುತ್ತದೆ. ಆದರೆ ಧಾರವಾಡದ ಕಸೂತಿಯು ಭೌಗೋಳಿಕ ಸೂಚಕ ನೋಂದಣಿಯನ್ನು ಪಡೆದಿರುವ ಪ್ರತ್ಯೇಕ ಕಲೆಯಾಗಿದ್ದು, ಸ್ಮಾಕಿಂಗ್ ಉಡುಪುಗಳನ್ನು ಆ ಹೆಸರಿನಲ್ಲಿ ಮಾರಾಟ ಮಾಡತಕ್ಕದ್ದಲ್ಲ.

9. ಶ್ರಮದ ಲೆಕ್ಕ ಮತ್ತು ದರ ನಿಗದಿ

ಮನೆಯಲ್ಲಿ ಕುಳಿತು ತುಂಡು ಕೂಲಿಗೆ ಸ್ಮಾಕಿಂಗ್ ಮಾಡುವವರು ದರವನ್ನು ಒಪ್ಪಿಕೊಳ್ಳುವ ಮುನ್ನ ಶ್ರಮವನ್ನು ಲೆಕ್ಕ ಹಾಕುವುದು ಅತ್ಯಗತ್ಯ. ಸಿದ್ಧ ಉಡುಪಿನಲ್ಲಿ ಕಾಣುವುದು ಅಲಂಕಾರಿಕ ಹೊಲಿಗೆ ಮಾತ್ರ. ನೆರಿಗೆ ಕೂಡಿಸಿದ ದಾರವು ಕೊನೆಯಲ್ಲಿ ಹೊರಹೋಗುವುದರಿಂದ ಆ ಶ್ರಮವು ಯಾರ ಕಣ್ಣಿಗೂ ಬೀಳುವುದಿಲ್ಲ ಮತ್ತು ಹಲವು ಸಂದರ್ಭಗಳಲ್ಲಿ ಕೂಲಿಗೂ ಸೇರುವುದಿಲ್ಲ.

ಉದಾಹರಣೆ: 30 ಸೆಂಟಿಮೀಟರ್ ಅಗಲದ ಎದೆಭಾಗಕ್ಕೆ 90 ಸೆಂಟಿಮೀಟರ್ ಬಟ್ಟೆ ಬೇಕು. 6 ಮಿಲಿಮೀಟರ್ ಅಂತರದಲ್ಲಿ ಒಂದು ಸಾಲಿಗೆ ಸುಮಾರು 150 ಚುಕ್ಕೆಗಳು.
– 8 ನೆರಿಗೆ ಸಾಲುಗಳು: 150 x 8 = 1,200 ಬಾರಿ ಸೂಜಿ ಚುಚ್ಚುವಿಕೆ
– 6 ಅಲಂಕಾರಿಕ ಸಾಲುಗಳು: 150 x 6 = 900 ಹೊಲಿಗೆಗಳು
– ಒಟ್ಟು: 2,100

ಒಂದಕ್ಕೆ ಸರಾಸರಿ 10 ಸೆಕೆಂಡು ಹಿಡಿದಲ್ಲಿ ಒಟ್ಟು ಅವಧಿ 5 ಗಂಟೆ 50 ನಿಮಿಷ. ಇದರಲ್ಲಿ ಚುಕ್ಕೆ ಗುರುತಿಸುವುದು, ಹಬೆ ಕೊಡುವುದು ಮತ್ತು ಜೋಡಣೆ ಸೇರಿರುವುದಿಲ್ಲ. ಸದರಿ ಎದೆಭಾಗಕ್ಕೆ ರೂ. 300 ಕೂಲಿ ಎಂದು ಭಾವಿಸಿದಲ್ಲಿ ಗಂಟೆಗೆ ಸುಮಾರು ರೂ. 51 ಮಾತ್ರ ದೊರೆತಂತಾಗುತ್ತದೆ. ಹಲವು ಸೂಜಿಗಳನ್ನು ಅಳವಡಿಸಿದ, ಕೈಯಿಂದ ತಿರುಗಿಸುವ ಪ್ಲೀಟರ್ ಎಂಬ ಚಿಕ್ಕ ಯಂತ್ರವು ಎಲ್ಲ ನೆರಿಗೆ ಸಾಲುಗಳನ್ನು ಒಮ್ಮೆಲೇ ಹಾಕುತ್ತದೆ. ಆಗ ಉಳಿಯುವುದು 900 ಹೊಲಿಗೆಗಳ ಎರಡೂವರೆ ಗಂಟೆಯ ಕೆಲಸ. ಹಲವು ಮಹಿಳೆಯರು ಕೂಡಿ ಒಂದು ಪ್ಲೀಟರ್ ಖರೀದಿಸುವುದು ಪರಿಶೀಲಿಸಬಹುದಾದ ಮಾರ್ಗ.

ಮೇಲ್ಕಂಡ ಕೂಲಿ ಮತ್ತು ವೇಗವು ಕೇವಲ ಲೆಕ್ಕದ ವಿಧಾನವನ್ನು ತಿಳಿಸುವ ಸಲುವಾಗಿ ನೀಡಲಾಗಿದೆ. ಪ್ರತಿಯೊಬ್ಬರೂ ತಮ್ಮ ವೇಗವನ್ನು ಗಡಿಯಾರ ಇಟ್ಟು ಅಳೆದು, ಗಂಟೆಯ ದರವನ್ನು ಕಂಡುಕೊಂಡು, ಅದನ್ನು ಸಂಬಂಧಿತ ಉದ್ಯೋಗಕ್ಕೆ ಅನ್ವಯವಾಗುವ ಕನಿಷ್ಠ ವೇತನದೊಂದಿಗೆ ಹೋಲಿಸಿ ನೋಡತಕ್ಕದ್ದು. ಇಲಾಸ್ಟಿಕ್ ದಾರದಿಂದ ಯಂತ್ರದಲ್ಲಿ ಸುಕ್ಕುಗಟ್ಟಿಸಿದ ಬಟ್ಟೆಯೂ ಮಾರುಕಟ್ಟೆಯಲ್ಲಿ ಸ್ಮಾಕಿಂಗ್ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಅದರ ದರದೊಂದಿಗೆ ಕೈಕೆಲಸದ ದರವನ್ನು ಹೋಲಿಸದಂತೆ, ಬಿಲ್ಲಿನಲ್ಲಿ ‘ಕೈಯಿಂದ ಮಾಡಿದ ಸ್ಮಾಕಿಂಗ್’ ಎಂದು ನಮೂದಿಸುವುದು ಸೂಕ್ತ.

10. ತರಬೇತಿ ಮತ್ತು ಸೌಲಭ್ಯಗಳು

10.1 ಕೈಗಾರಿಕಾ ತರಬೇತಿ ಸಂಸ್ಥೆಗಳ ವೃತ್ತಿಗಳಲ್ಲಿ ‘ಸರ್ಫೇಸ್ ಆರ್ನಮೆಂಟೇಶನ್ ಟೆಕ್ನಿಕ್ಸ್ – ಎಂಬ್ರಾಯ್ಡರಿ’ ಎಂಬ ಒಂದು ವರ್ಷದ ವೃತ್ತಿಯೂ ಸೇರಿರುತ್ತದೆ. ಎಲ್ಲ ಸಂಸ್ಥೆಗಳಲ್ಲಿಯೂ ಈ ವೃತ್ತಿ ಇರುವುದಿಲ್ಲ. ಪ್ರವೇಶಕ್ಕೆ ಮುನ್ನ ಹತ್ತಿರದ ಸಂಸ್ಥೆಯಲ್ಲಿ ವೃತ್ತಿಯ ಲಭ್ಯತೆಯನ್ನೂ, ಸ್ಮಾಕಿಂಗ್ ಕಲಿಸಲಾಗುವುದೇ ಎಂಬುದನ್ನೂ ವಿಚಾರಿಸತಕ್ಕದ್ದು.

10.2 ದಿನಾಂಕ 17-09-2023ರಂದು ಕೇಂದ್ರ ಸರ್ಕಾರವು ಜಾರಿಗೊಳಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬು ಸೇರಿರುತ್ತದೆ. ಕಸೂತಿಯು ಪ್ರತ್ಯೇಕ ಕಸುಬಾಗಿ ಸೇರಿರುವುದಿಲ್ಲ. ಆದಕಾರಣ ಸ್ವಂತವಾಗಿ ಹೊಲಿಗೆ ವೃತ್ತಿಯಲ್ಲಿ ತೊಡಗಿರುವವರು ದರ್ಜಿ ಎಂಬ ಕಸುಬಿನಡಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿದ್ದು, ಸರ್ಕಾರಿ ನೌಕರರು ಹಾಗೂ ಅವರ ಕುಟುಂಬದವರು ಅರ್ಹರಲ್ಲ. ಯೋಜನೆಯಡಿ ತರಬೇತಿ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನ ಹಾಗೂ ರೂ. 15,000ವರೆಗಿನ ಉಪಕರಣ ಪ್ರೋತ್ಸಾಹಧನಕ್ಕೆ ಅವಕಾಶ ಕಲ್ಪಿಸಲಾಗಿದೆ. ಶೇ. 5ರ ಬಡ್ಡಿ ದರದಲ್ಲಿ ಮೊದಲ ಕಂತಿನಲ್ಲಿ ರೂ. 1 ಲಕ್ಷ ಮತ್ತು ಎರಡನೇ ಕಂತಿನಲ್ಲಿ ರೂ. 2 ಲಕ್ಷದವರೆಗೆ ಸಾಲ ಸೌಲಭ್ಯವಿರುತ್ತದೆ. ನೋಂದಣಿಯು ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಆಧಾರ್ ಬೆರಳಚ್ಚಿನ ಮೂಲಕ ನಡೆಯುತ್ತದೆ.

11. ಅರ್ಜಿದಾರರ ಗಮನಕ್ಕೆ

ಅ) ಅರ್ಜಿಯಲ್ಲಿ, ಆಧಾರ್ ಚೀಟಿಯಲ್ಲಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇರತಕ್ಕದ್ದು.
ಆ) ಮಾದರಿಪಟ್ಟಿಯನ್ನು ಹಾಗೂ ಮಾಡಿದ ಕೆಲಸದ ಛಾಯಾಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ವೃತ್ತಿಯ ಪರಿಶೀಲನೆಯ ವೇಳೆ ಹಾಗೂ ಗ್ರಾಹಕರಿಗೆ ತೋರಿಸಲು ಇವು ನೆರವಾಗುತ್ತವೆ.
ಇ) ಸೌಲಭ್ಯ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಅವಕಾಶ ನೀಡಬಾರದು. ಹಣ ಪಾವತಿಸಿದಲ್ಲೆಲ್ಲ ರಸೀದಿ ಪಡೆಯತಕ್ಕದ್ದು.
ಈ) ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಡುವುದರಿಂದ, ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ಮಾರ್ಗಸೂಚಿಗಳೇ ಅನ್ವಯವಾಗುತ್ತವೆ.